ನೀರು ಚೆಲ್ಲಿದರೆ ಸಾಲದು, ತೊಟ್ಟಿ ಉಜ್ಜಿ

ಮಳೆಗಾಲ ಶುರುವಾದರೆ ಮಂಡ್ಯದ ಯಾವ ಬೀದಿಗೆ ಹೋದರೂ ನನಗೆ ಎದುರಾಗುವ ಪ್ರಶ್ನೆ ಒಂದೇ. "ಸಾರ್, ಸೊಳ್ಳೆಗೆ ಹೊಗೆ ಯಾವಾಗ ಹೊಡೀತೀರಾ?"

ಆಗೆಲ್ಲ ಎರಡನೇ ಮಹಾಯುದ್ಧದ ಕಾಲದ ಸ್ಯಾನಿಟರಿ ಇನ್‌ಸ್ಪೆಕ್ಟರುಗಳು ನೆನಪಾಗುತ್ತಾರೆ. ಸೊಳ್ಳೆ ತಡೆಯುವ ನಮ್ಮ ಕೆಲಸದ ಹಿರಿಯರು ಅವರು. ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಈ ಸೀಮೆಗೆ ಭತ್ತ, ಕಬ್ಬಿನ ಜೊತೆ ಮಲೇರಿಯಾವನ್ನೂ ತಂದಿತ್ತು. 1942ರಲ್ಲಿ ಜಪಾನ್ ಜಾವಾವನ್ನು ಹಿಡಿಯಿತು. ಮಲೇರಿಯಾದ ಔಷಧಿ ಕ್ವಿನೈನ್ ಲೋಕಕ್ಕೆ ಬಹುಪಾಲು ಬರುತ್ತಿದ್ದುದೇ ಅಲ್ಲಿಂದ. ಸೊಳ್ಳೆ ಕೊಲ್ಲುವ ಡಿಡಿಟಿ ಇನ್ನೂ ನಮ್ಮ ಹಳ್ಳಿಗಳನ್ನು ಮುಟ್ಟಿರಲಿಲ್ಲ. ಆ ಕಾಲದಲ್ಲಿ ಮಲೇರಿಯಾ ಕೆಲಸ ಅಂದರೆ ಕಾಲುವೆ ಅಂಚಿನ ಹುಲ್ಲು ತೆಗೆಸುವುದು, ಗುಂಡಿ ಮುಚ್ಚಿಸುವುದು, ಪ್ಯಾರಿಸ್ ಗ್ರೀನ್ ಎಂಬ ವಿಷದ ಪುಡಿಯನ್ನು ಧೂಳಿನಲ್ಲಿ ಬೆರೆಸಿ ನಿಂತ ನೀರಿನ ಮೇಲೆ ಎರಚುವುದು. ಸೊಳ್ಳೆಯನ್ನು ಹಾರುವ ಮೊದಲೇ, ನೀರಲ್ಲೇ ಹಿಡಿಯಬೇಕಿತ್ತು.

ಈಗಿನ ಡೆಂಗಿ ಸೊಳ್ಳೆ ನಾಲೆಯದಲ್ಲ, ಮನೆಯದು. ಹೊಗೆ ಬೇಡ ಎನ್ನುತ್ತಿಲ್ಲ. ಡೆಂಗಿ ಕಾಣಿಸಿಕೊಂಡ ಬೀದಿಯಲ್ಲಿ ಅದಕ್ಕೂ ಕೆಲಸವಿದೆ. ಆದರೆ ಹಾರುವ ಸೊಳ್ಳೆ ಮಾತ್ರ ಸಾಯುತ್ತದೆ, ನೀರಿನ ಡ್ರಮ್ಮಿನೊಳಗಿನ ಹುಳಕ್ಕೆ, ಅಂದರೆ ಸೊಳ್ಳೆಮರಿಗೆ, ಏನೂ ಆಗುವುದಿಲ್ಲ.

"ನೀರು ಚೆಲ್ಲಿದ್ವಲ್ಲ ಸಾರ್" ಅಂತಾರೆ. ಇಲ್ಲೇ ಎಲ್ಲರೂ ಎಡವುವುದು. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ತೊಟ್ಟಿ, ಡ್ರಮ್ಮಿನ ಒದ್ದೆ ಒಳಗೋಡೆಗೆ ಅಂಟಿಸಿ. ಕಪ್ಪು ಚುಕ್ಕಿಯಷ್ಟೇ, ಕಣ್ಣಿಗೆ ಬೀಳುವುದಿಲ್ಲ. ನೀವು ನೀರು ಚೆಲ್ಲುತ್ತೀರಿ, ಮೊಟ್ಟೆ ಅಲ್ಲೇ ಇರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನಲ್ಲಿ ಬಿಟ್ಟಿರೋ, ನೀರು ತಾಗಿ ಒಡೆಯುತ್ತದೆ. ಬೆಚ್ಚಗಿನ ದಿನಗಳಲ್ಲಿ ಏಳರಿಂದ ಹತ್ತು ದಿನಕ್ಕೆ ಸೊಳ್ಳೆ ಹೊರಗೆ. ಅದಕ್ಕೇ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೋಡೆಯನ್ನು ಕಂಠದವರೆಗೂ ಗಸಗಸ ಉಜ್ಜಿ, ತೊಳೆದು, ಮುಚ್ಚಿಡಿ. ಉಜ್ಜಿದ ನೀರನ್ನು ಒಣ ನೆಲಕ್ಕೆ ಸುರಿಯಿರಿ. ಸುಮ್ನೆ ಚೆಲ್ಲಬೇಡಿ, ಉಜ್ಜಿ!

ಒಂದು ಮನೆಯಲ್ಲಿ ನನ್ನ ಕಣ್ಣೆದುರೇ ಡ್ರಮ್ ಖಾಲಿ ಮಾಡಿದರು. ಹತ್ತು ದಿನ ಬಿಟ್ಟು ಹೋದರೆ ಅದೇ ಡ್ರಮ್ಮಲ್ಲಿ ಮತ್ತೆ ಹುಳ. ಆ ಮನೆಯ ಹುಡುಗಿಗೆ ಜ್ವರ. ರಕ್ತ ಪರೀಕ್ಷೆಗೆ ಕಳಿಸಿ ಬಂದೆ. ಡೆಂಗಿ ಅಲ್ಲ ಅಂತ ತಿಳಿಯುವವರೆಗೆ ನನಗೆ ಊಟ ಸೇರಲಿಲ್ಲ.

ಪಾಂಡವಪುರದ ಕಡೆ ಒಬ್ಬರು ಅಜ್ಜಿ ಇದ್ದಾರೆ. ಸೋಮವಾರ ಬಂತೆಂದರೆ ತೆಂಗಿನ ನಾರು ಹಿಡಿದು ಸಿಮೆಂಟ್ ತೊಟ್ಟಿಗೆ ಇಳಿಯುತ್ತಾರೆ. "ಯಾರು ಹೇಳಿಕೊಟ್ಟರು ಅಜ್ಜಿ?" ಅಂದೆ. "ಪಾಚಿ ಕಟ್ಟಿದ್ರೆ ನೀರು ನಾರ್ತದೆ ಕಣಪ್ಪ" ಅಂದರು. ಆ ತೊಟ್ಟಿಯಲ್ಲಿ ಇದುವರೆಗೆ ಒಂದೇ ಒಂದು ಹುಳ ನನಗೆ ಸಿಕ್ಕಿಲ್ಲ.