ಬಲೂನೋ ಬೈಪಾಸೋ? ಮೊದಲು ಆ ವೇನ್ ನೋಡಿಸಿ

ನಾನು ರಕ್ತನಾಳಗಳ ಸರ್ಜನ್. ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ನನ್ನ ಹತ್ತಿರ ಬರುವ ಕಾಲಿನ ಗಾಯಗಳಲ್ಲಿ ಲಿಂಬಿ ಮುಳ್ಳಿಗೆ ಒಂದು ಖಾಯಂ ಜಾಗ ಇದೆ. ಲಿಂಬಿ ತೋಟದಲ್ಲಿ ದಿನಾ ಓಡಾಡುವವರಿಗೆ ಮುಳ್ಳು ಚುಚ್ಚುವುದು ಸುದ್ದಿಯೇ ಅಲ್ಲ. ಕಿತ್ತು ಎಸೆದು, ಎರಡು ದಿನ ಅರಿಶಿನ ಹಚ್ಚಿದರೆ ಮುಗಿಯಿತು. ಕಳೆದ ವರ್ಷ ಬಂದ ರೈತರೊಬ್ಬರಿಗೆ ಅದು ಮುಗಿದಿರಲಿಲ್ಲ. ವಯಸ್ಸು 58. ಶುಗರ್ ಬಂದು 12 ವರ್ಷ.

"ಮುಳ್ಳ ಚುಚ್ಚಿದ್ದ ಗೊತ್ತಾಗಲಿಲ್ರಿ ಸರ್. ರಾತ್ರಿ ಚಪ್ಪಲಿ ಬಿಚ್ಚಿದಾಗ ರಕ್ತ ಕಾಣಸ್ತು," ಅಂದರು.

ಅದಾಗಿ ಏಳು ವಾರ. ಎರಡನೇ ಬೆರಳು ಕಪ್ಪಾಗಿತ್ತು. ಊರಲ್ಲಿ ಡ್ರೆಸ್ಸಿಂಗ್ ಆಗಿತ್ತು, ಇಂಜೆಕ್ಷನ್ ಆಗಿತ್ತು, ಬಿಸಿನೀರಲ್ಲಿ ಕಾಲು ಅದ್ದಿದ್ದೂ ಆಗಿತ್ತು. ಒಂದು ಕಡೆ "ಮೊಣಕಾಲ ಕೆಳಗೆ ತೆಗೀಬೇಕು" ಅಂತಲೂ ಹೇಳಿಸಿಕೊಂಡು ಬಂದಿದ್ದರು. ಇಷ್ಟೆಲ್ಲ ಆದರೂ ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಬಡಿಯುತ್ತದೋ ಇಲ್ಲವೋ ಅಂತ ಯಾರೂ ನೋಡಿರಲಿಲ್ಲ.

ಕೆದಕಿ ಕೇಳಿದಾಗ ಹಳೇ ಕಥೆ ಹೊರಬಂತು. ಎರಡು ವರ್ಷದಿಂದ ತೋಟಕ್ಕೆ ನಡೆದು ಹೋಗುವಾಗ ಮೀನಖಂಡ ಹಿಡಿಯುತ್ತಿತ್ತು. ನಿಂತರೆ ಬಿಡುತ್ತಿತ್ತು. ವಯಸ್ಸಾಯಿತಲ್ಲ ಅಂತ ಸುಮ್ಮನಿದ್ದರು. ಈಚೆಗೆ ರಾತ್ರಿ ಕಾಲು ಉರಿ. ಮಂಚದಿಂದ ಕಾಲು ಕೆಳಗೆ ಇಳಿಬಿಟ್ಟರೆ ಮಾತ್ರ ನಿದ್ದೆ. ಈ ಕೊನೆಯ ಮಾತು ಯಾರಾದರೂ ಹೇಳಿದರೆ ನನಗೆ ಎದೆ ಧಸಕ್ ಅನ್ನುತ್ತದೆ. ಕಾಲು ಇಳಿಬಿಟ್ಟಾಗ ಭೂಮಿಯ ಸೆಳೆತದಿಂದ ಸ್ವಲ್ಪ ರಕ್ತ ಪಾದಕ್ಕೆ ಇಳಿಯುತ್ತದೆ, ಅಷ್ಟಕ್ಕೇ ನೋವು ತಗ್ಗುತ್ತದೆ. ಅಂದರೆ ಆ ಪಾದ ತೊಟ್ಟು ತೊಟ್ಟು ರಕ್ತದ ಮೇಲೆ ಬದುಕಿದೆ ಅಂತ ಅರ್ಥ.

ನಮ್ಮ ಕಡೆ ಒಂದು ತೊಡಕಿದೆ. ಎಲ್ಲದಕ್ಕೂ 'ನರ' ಅಂತಲೇ ಅನ್ನುತ್ತಾರೆ. ಸ್ಪರ್ಶ ತಿಳಿಸುವುದೂ ನರ, ರಕ್ತ ಒಯ್ಯುವುದೂ ನರ, ಕೈ ಮೇಲೆ ಹಸಿರಾಗಿ ಉಬ್ಬಿ ಕಾಣುವುದೂ ನರ. ಈ ರೈತರಿಗೆ ಎರಡು ಬೇರೆ ಬೇರೆ ತೊಂದರೆ ಇದ್ದವು. ಶುಗರ್‌ನಿಂದ ಸ್ಪರ್ಶದ ನರ ಸತ್ತಿತ್ತು, ಅದಕ್ಕೇ ಮುಳ್ಳು ಗೊತ್ತಾಗಲಿಲ್ಲ. ಹೃದಯದಿಂದ ಕಾಲಿಗೆ ರಕ್ತ ತರುವ ಆರ್ಟರಿ ಮೊಣಕಾಲ ಕೆಳಗೆ ಕಟ್ಟಿಕೊಂಡಿತ್ತು, ಅದಕ್ಕೇ ಗಾಯ ಮಾಯಲಿಲ್ಲ. ನರಕ್ಕೆ ಅಂತ ಕೊಟ್ಟ ವಿಟಮಿನ್ ಗುಳಿಗೆ ಎರಡನೆಯದಕ್ಕೆ ಏನೂ ಮಾಡುವುದಿಲ್ಲ.

ಪಾದದ ರಕ್ತದ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿ ನೋಡುವ ಸರಳ ಪರೀಕ್ಷೆ ಇದೆ. 0.9ಕ್ಕಿಂತ ಕಡಿಮೆ ಬಂದರೆ ಆರ್ಟರಿ ಕಟ್ಟಿದೆ ಅಂತ ಲೆಕ್ಕ. ಇವರಿಗೆ 1.5 ಬಂತು. ಚೆನ್ನಾಗಿದೆ ಅಂತಲ್ಲ! ಹಳೇ ಶುಗರ್‌ನವರ ಆರ್ಟರಿ ಗೋಡೆಯಲ್ಲಿ ಸುಣ್ಣ ಕೂತು ಪೈಪಿನಂತೆ ಗಟ್ಟಿಯಾಗಿರುತ್ತದೆ. ಪಟ್ಟಿ ಎಷ್ಟು ಬಿಗಿದರೂ ಒತ್ತುವುದಿಲ್ಲ, ಸುಳ್ಳು ಲೆಕ್ಕ ಬರುತ್ತದೆ. ಅಂಥವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ನೋಡಬೇಕು. ಇವರದ್ದು ಬಿಪಿ ಅಳೆಯುವ ಲೆಕ್ಕದಲ್ಲಿ 28 ಇತ್ತು. 30ಕ್ಕಿಂತ ಕೆಳಗೆ ಅಂದರೆ ಗಾಯ ತಾನಾಗಿ ಮಾಯುವ ಆಸೆ ಇಟ್ಟುಕೊಳ್ಳಬಾರದು.

ಜೊತೆಗೆ ಬಂದಿದ್ದ ಮಗ ಮೊಬೈಲಿನಲ್ಲಿ ಎಲ್ಲ ನೋಡಿಕೊಂಡೇ ಬಂದಿದ್ದ. "ಸರ್, ಕೊಯ್ಯೋದ ಬ್ಯಾಡ್ರಿ. ಬಲೂನ್ ಹಾಕಿಬಿಡ್ರಿ, ಮರುದಿನ ಮನಿಗೆ ಹೋಗಬಹುದಂತಲ್ರಿ?"

ಹೌದು, ಹೋಗಬಹುದು. ತೊಡೆಸಂದಿಯಲ್ಲಿ ಸೂಜಿಯಷ್ಟು ತೂತು, ಸಣ್ಣ ತಂತಿ, ಅದರ ಮೇಲೆ ಬಲೂನು; ಅದನ್ನು ಊದಿಸಿ ಕಟ್ಟಿದ ಆರ್ಟರಿ ಅಗಲ ಮಾಡುವುದು. ಈ ದಾರಿ ತೆರೆದಿದ್ದು 1964ರ ಜನವರಿ 16ರಂದು, ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ, ಚಾರ್ಲ್ಸ್ ಡಾಟರ್ ಎಂಬ ವೈದ್ಯರು. ರೋಗಿ 82 ವರ್ಷದ ಅಜ್ಜಿ. ಬೆರಳು ಕೊಳೆಯುತ್ತಿದ್ದವು, ಆದರೂ ಕಾಲು ತೆಗೆಸಲು ಒಪ್ಪಿರಲಿಲ್ಲ. ಆಗ ಬಲೂನು ಇರಲಿಲ್ಲ. ಒಂದಕ್ಕಿಂತ ಒಂದು ದಪ್ಪ ಕೊಳವೆ ತೂರಿಸಿ ಆರ್ಟರಿ ಅಗಲ ಮಾಡಿದರು. ಅಜ್ಜಿಯ ಕಾಲು ಉಳಿಯಿತು. ಕಾಲಿನ ಬೈಪಾಸ್ ಅದಕ್ಕಿಂತ ಹಳೆಯದು. 1948ರಲ್ಲಿ ಫ್ರಾನ್ಸಿನ ಜಾನ್ ಕುನ್ಲಾ ರೋಗಿಯದ್ದೇ ಕಾಲಿನ ವೇನ್ (ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ) ತೆಗೆದು, ಬ್ಲಾಕ್ ದಾಟಿಸಿ ಜೋಡಿಸಿದರು.

ಅಂದಿನಿಂದ ಜಗಳ ನಡೆದೇ ಇದೆ. ಬಲೂನೋ ಬೈಪಾಸೋ? ನಾನೂ ಬಹಳ ವರ್ಷ ಬಲೂನಿನ ಪಕ್ಷದವನೇ ಆಗಿದ್ದೆ. ರೋಗಿಗೂ ಖುಷಿ, ನನಗೂ ಊಟದ ಹೊತ್ತಿಗೆ ಮನೆ. 2022 ಮತ್ತು 2023ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು. ಜಗಳ ಮುಗಿಯುತ್ತದೆ ಅಂದುಕೊಂಡಿದ್ದೆವು. ಎರಡೂ ಒಂದಕ್ಕೊಂದು ವಿರುದ್ಧ ಉತ್ತರ ಕೊಟ್ಟವು.

ಮೊದಲನೆಯದು ಬೆಸ್ಟ್-ಸಿಎಲ್‌ಐ. ಅಮೆರಿಕ, ಕೆನಡಾ, ಫಿನ್‌ಲ್ಯಾಂಡ್, ಇಟಲಿ, ನ್ಯೂಜಿಲ್ಯಾಂಡ್‌ಗಳ 1,830 ಜನ. ಕಾಲು ಹೋಗುವ ಹಂತ ತಲುಪಿದ್ದವರೇ ಎಲ್ಲ. ಮೊದಲೇ ಅವರನ್ನು ಎರಡು ಗುಂಪು ಮಾಡಿದ್ದರು: ಬೈಪಾಸಿಗೆ ಒಳ್ಳೆಯ ವೇನ್ ಇದ್ದವರು, ಇಲ್ಲದವರು. ಒಳ್ಳೆಯ ವೇನ್ ಇದ್ದವರಲ್ಲಿ ಬೈಪಾಸ್ ಗೆದ್ದಿತು. ಸಾವು, ಕಣಕಾಲಿಗಿಂತ ಮೇಲೆ ಕಾಲು ತೆಗೆಯುವುದು, ದೊಡ್ಡ ಮರು ಚಿಕಿತ್ಸೆ, ಇವುಗಳಲ್ಲಿ ಯಾವುದಾದರೊಂದು ಆದವರು ಬೈಪಾಸ್‌ನಲ್ಲಿ ನೂರಕ್ಕೆ 42.6, ಬಲೂನ್ ಕಡೆ 57.4. ಒಳ್ಳೆಯ ವೇನ್ ಇಲ್ಲದವರಲ್ಲಿ 42.8 ಮತ್ತು 47.7, ಅದನ್ನು ವ್ಯತ್ಯಾಸ ಅಂತ ಹೇಳಲು ಬರುವುದಿಲ್ಲ.

ಎರಡನೆಯದು ಬೇಸಿಲ್-2. ಬ್ರಿಟನ್, ಸ್ವೀಡನ್, ಡೆನ್ಮಾರ್ಕ್‌ನ 345 ಜನ. ಎಲ್ಲರಿಗೂ ಮೊಣಕಾಲ ಕೆಳಗಿನ ಆರ್ಟರಿ ರಿಪೇರಿ ಬೇಕಿತ್ತು. ಇಲ್ಲಿ ಸತ್ತವರು ಅಥವಾ ಕಾಲು ಕಳೆದುಕೊಂಡವರು ಬೈಪಾಸ್‌ನಲ್ಲಿ ನೂರಕ್ಕೆ 63, ಬಲೂನಿನಲ್ಲಿ 53. ಬಲೂನು ಗೆದ್ದಿತು. ಬೈಪಾಸ್ ಗುಂಪಿನಲ್ಲಿ ಸಾವು ಜಾಸ್ತಿ ಇದ್ದದ್ದೇ ಮುಖ್ಯ ಕಾರಣ.

ಈಗ ಯಾರನ್ನು ನಂಬುವುದು? ನನಗೆ ಅನ್ನಿಸುವುದು ಹೀಗೆ. ಇಬ್ಬರೂ ಕೇಳಿದ ಪ್ರಶ್ನೆ ಒಂದೇ ಅಲ್ಲ. ಬೆಸ್ಟ್-ಸಿಎಲ್‌ಐನವರು ಮತ್ತೆ ಟೇಬಲ್ ಮೇಲೆ ಬರಬೇಕಾದದ್ದನ್ನೂ ಸೋಲು ಅಂತ ಎಣಿಸಿದರು. ಬೇಸಿಲ್-2ರ ಮುಖ್ಯ ಲೆಕ್ಕದಲ್ಲಿ ಅದು ಇರಲಿಲ್ಲ. ಜೀವ ಇದೆಯಾ, ಕಾಲು ಇದೆಯಾ, ಅಷ್ಟೇ. ಲಂಡನ್ನಿನಲ್ಲಿರುವವರಿಗೆ ಎರಡನೇ ಸಲ ಬಲೂನ್ ಹಾಕಿಸಿಕೊಳ್ಳುವುದು ಒಂದು ಬಸ್ ಹತ್ತುವ ಮಾತು ಇರಬಹುದು. ಇಂಡಿ ಕಡೆಯ ರೈತರಿಗೆ ಅದು ಕಾರ್ ಬಾಡಿಗೆ, ಮಗನ ಕೂಲಿ ಕೆಲಸಕ್ಕೆ ರಜೆ, ಆಸ್ಪತ್ರೆ ಖರ್ಚು, ಅದರ ಜೊತೆಗೆ "ಈಗ ಬ್ಯಾಡ, ಸುಗ್ಗಿ ಮುಗೀಲಿ" ಅನ್ನುವ ಮಾತು. ಹಾಗಾಗಿ ಮರು ಚಿಕಿತ್ಸೆಯ ಲೆಕ್ಕ ನನ್ನ ಓಪಿಡಿಯಲ್ಲಿ ಸಣ್ಣದಲ್ಲ. ಮತ್ತೊಂದು ಕಡೆ, ಹೃದಯ ಸೋತು, ಕಿಡ್ನಿ ಕೈಕೊಟ್ಟು, 78 ವಯಸ್ಸಾಗಿರುವ ಅಜ್ಜಿಗೆ ನಾಲ್ಕು ತಾಸಿನ ಆಪರೇಷನ್ ಮಾಡಿ ಅವರನ್ನೇ ಕಳೆದುಕೊಂಡರೆ ಆ ವೇನ್ ಚೆನ್ನಾಗಿದ್ದು ಏನು ಬಂತು? ಬೇಸಿಲ್-2 ನನಗೆ ಅದನ್ನು ನೆನಪಿಸುತ್ತದೆ.

ಎರಡೂ ಅಧ್ಯಯನಗಳಲ್ಲಿ ಭಾರತದ ಆಸ್ಪತ್ರೆ ಒಂದೂ ಇಲ್ಲ, ಇದನ್ನೂ ಹೇಳಿಬಿಡುತ್ತೇನೆ. ನಿಪ್ಪಾಣಿ ಕಡೆಯ ತಂಬಾಕಿನ ಹೊಲದಿಂದ, ಬೀಡಿ ಸೇದಿ ಸೇದಿ 35ರ ವಯಸ್ಸಿಗೇ ಬೆರಳು ಕಪ್ಪಾಗಿ ಬರುವ ಹುಡುಗರಿಗೆ ಇರುವುದು ಬೇರೆಯೇ ರೋಗ, ಬರ್ಜರ್ ಅಂತ. ಅವರಿಗೆ ಈ ಲೆಕ್ಕ ಯಾವುದೂ ಒಪ್ಪುವುದಿಲ್ಲ. ಅಲ್ಲಿ ಮೊದಲ ಚಿಕಿತ್ಸೆ ಬೀಡಿ ಬಿಡಿಸುವುದು. ಕಡಿಮೆ ಮಾಡುವುದಲ್ಲ, ಬಿಡಿಸುವುದು.

ಆದರೂ ಬೆಸ್ಟ್-ಸಿಎಲ್‌ಐಯಿಂದ ನಾನು ಒಂದು ವಿಷಯ ಕಲಿತೆ. ಬಲೂನೋ ಬೈಪಾಸೋ ಅಂತ ಮಾತಾಡುವ ಮೊದಲೇ ಡಾಪ್ಲರ್ (ರಕ್ತನಾಳ ನೋಡುವ ಸ್ಕ್ಯಾನ್) ಹಿಡಿದು ವೇನ್ ನೋಡಬೇಕು. ಕಣಕಾಲಿನ ಒಳಗಡೆಯ ಗಂಟಿನ ಮುಂದಿನಿಂದ ತೊಡೆಸಂದಿಯವರೆಗೆ ಚರ್ಮದ ಕೆಳಗೇ ಓಡುವ ಉದ್ದನೆಯ ವೇನ್ ಅದು. ಎಲ್ಲೂ ತುಂಡಾಗದೆ, ಸುಮಾರು 3 ಮಿ.ಮೀ. ಅಗಲ ಇದ್ದರೆ ಒಳ್ಳೆಯ ಬೈಪಾಸಿಗೆ ಅದಕ್ಕಿಂತ ಬೇರೆ ಸಾಮಾನು ಬೇಕಿಲ್ಲ. ಪ್ಲಾಸ್ಟಿಕ್ ಕೊಳವೆ ಮೊಣಕಾಲ ಕೆಳಗೆ ಅದರ ಹತ್ತಿರವೂ ಬರುವುದಿಲ್ಲ. ವೇನಿನೊಳಗೆ ರಕ್ತ ಮೇಲಕ್ಕೆ ಮಾತ್ರ ಬಿಡುವ ಬಾಗಿಲುಗಳಿರುತ್ತವೆ. ಅದಕ್ಕೆ ತಲೆಕೆಳಗೆ ಮಾಡಿ ಹೊಲಿಯುತ್ತೇವೆ, ಇಲ್ಲವೇ ಬಾಗಿಲು ಕತ್ತರಿಸುತ್ತೇವೆ.

ಈ ವೇನನ್ನು ನಾವೇ ವೈದ್ಯರು ಹಾಳು ಮಾಡುತ್ತೇವೆ, ಅದು ನನ್ನ ಸಿಟ್ಟು. ಜ್ವರ ಅಂತ ಅಡ್ಮಿಟ್ ಆದ ಶುಗರ್ ರೋಗಿಗೆ ಕೈಯಲ್ಲಿ ಜಾಗ ಸಿಗಲಿಲ್ಲ ಅಂತ ಹಿಮ್ಮಡಿ ಹತ್ತಿರ ಸಲಾಯಿನ್ ಸೂಜಿ ಚುಚ್ಚುತ್ತಾರೆ. ವೇನ್ ಊದಿ, ಒಳಗೆ ಹೆಪ್ಪುಗಟ್ಟಿ, ಹಗ್ಗದಂತಾಗುತ್ತದೆ. ನಿಮ್ಮ ಮನೆಯಲ್ಲಿ ಶುಗರ್ ಇರುವವರು ಅಡ್ಮಿಟ್ ಆದರೆ "ಸಿಸ್ಟರ್, ಕಾಲಿಗೆ ಬ್ಯಾಡ, ಕೈಯಾಗ ನೋಡ್ರಿ" ಅಂತ ಕೇಳಿಕೊಳ್ಳಿ. ಜೀವ ಉಳಿಸುವ ಹೊತ್ತಿನಲ್ಲಿ ಬಿಡಿ, ಆಗ ಎಲ್ಲಿ ಸಿಕ್ಕರೂ ಸರಿ.

ಹೊಸ ಸಾಮಾನುಗಳ ಬಗ್ಗೆಯೂ ಜನ ಕೇಳುತ್ತಾರೆ. ಕರಗಿ ಹೋಗುವ ಸ್ಟೆಂಟ್ (ಆರ್ಟರಿಯನ್ನು ಒಳಗಿನಿಂದ ತೆರೆದಿಡುವ ಜಾಲರಿ ಕೊಳವೆ) ಒಂದು. 2023ರಲ್ಲಿ ಬಂದ ಲೈಫ್-ಬಿಟಿಕೆ ಅಧ್ಯಯನದಲ್ಲಿ 261 ಜನ ಇದ್ದರು. ಒಂದು ವರ್ಷದ ನಂತರ ತೊಂದರೆಯಿಲ್ಲದೆ ಉಳಿದವರು ಕರಗುವ ಸ್ಟೆಂಟ್‌ನಲ್ಲಿ ನೂರಕ್ಕೆ 74, ಬರೀ ಬಲೂನಿನಲ್ಲಿ 44. ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ಸೇರಿಸಿದ್ದು ಗಿಡ್ಡ ಬ್ಲಾಕ್‌ಗಳನ್ನು. ನನಗೆ ಕಾಣುವುದು ಗೇಣುದ್ದದ ಬ್ಲಾಕ್. ಔಷಧಿಯಲ್ಲಿ, ಚಿಕಿತ್ಸೆ ಆದ ಮೇಲೆ ಆಸ್ಪಿರಿನ್ ಜೊತೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಿವರೋಕ್ಸಬಾನ್ 2.5 ಮಿ.ಗ್ರಾಂ. ದಿನಕ್ಕೆರಡು ಸಲ ಕೊಟ್ಟರೆ ಕಾಲು, ಹೃದಯ, ಮೆದುಳಿನ ಅವಘಡ ಸ್ವಲ್ಪ ತಗ್ಗುತ್ತದೆ ಅಂತ 2020ರ ವಾಯೇಜರ್ ಅಧ್ಯಯನ ತೋರಿಸಿತು: ಮೂರು ವರ್ಷದಲ್ಲಿ ನೂರಕ್ಕೆ 19.9 ಇದ್ದದ್ದು 17.3 ಆಯಿತು. ರಕ್ತ ಸೋರುವ ಅಪಾಯ ಜಾಸ್ತಿ ಆಗುತ್ತದೆ, ಹಾಗಾಗಿ ಎಲ್ಲರಿಗೂ ಬರೆಯುವುದಿಲ್ಲ. ನಡೆದರೆ ಮೀನಖಂಡ ಹಿಡಿಯುವ ಶುಗರ್‌ನವರಿಗೆ ವಾರಕ್ಕೊಮ್ಮೆ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ಒಂದು ವರ್ಷದಲ್ಲಿ ನಡೆಯುವ ದೂರವನ್ನು ಸುಮಾರು ನೂರಕ್ಕೆ 13ರಷ್ಟು ಹೆಚ್ಚಿಸಿತು ಅಂತ 2025ರ ಸ್ಟ್ರೈಡ್ ಅಧ್ಯಯನ ಹೇಳಿತು. ದುಡ್ಡಿದ್ದವರು ತಗೊಳ್ಳಲಿ. ಗಾಯ ಇಲ್ಲದವರಿಗೆ ನಾನು ಮೊದಲು ಹೇಳುವುದು ನಡಿಗೆಯನ್ನೇ. ನೋವು ಬರುವ ತನಕ ನಡೆಯಿರಿ, ನಿಲ್ಲಿ, ಬಿಟ್ಟ ಮೇಲೆ ಮತ್ತೆ ನಡೆಯಿರಿ. ವಾರಕ್ಕೆ ಮೂರು ದಿನವಾದರೂ, ಅರ್ಧ ತಾಸು, ಮೂರು ತಿಂಗಳು. ಆದರೆ ಬರಿಗಾಲಲ್ಲಿ ಅಲ್ಲ. ಯುಗಾದಿ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಶುಗರ್‌ನವರಿಗೆ ನಾನು ಬೇಡ ಅನ್ನುವುದಿಲ್ಲ, ಅಂದರೂ ಕೇಳುವವರಲ್ಲ. ಬೂಟು ಹಾಕಿಕೊಂಡು ಹೋಗಿ, ರಾತ್ರಿ ತಂಗಿದಲ್ಲಿ ಅಂಗಾಲು ಯಾರಿಗಾದರೂ ತೋರಿಸಿ ಅನ್ನುತ್ತೇನೆ. ಮಲ್ಲಯ್ಯ ಬೇಸರ ಮಾಡಿಕೊಳ್ಳುವುದಿಲ್ಲ.

ರೈತರ ವಿಷಯಕ್ಕೆ ಬರುತ್ತೇನೆ. ಅವರ ಬಲಗಾಲಿನ ವೇನ್ 3.5 ಮಿ.ಮೀ. ಇತ್ತು, ಉದ್ದಕ್ಕೂ ಚೊಕ್ಕ. ಹೃದಯದ ಎಕೋ ಚೆನ್ನಾಗಿಯೇ ಇತ್ತು. ಆಂಜಿಯೋಗ್ರಾಮ್‌ನಲ್ಲಿ ಮೊಣಕಾಲ ಕೆಳಗೆ ಉದ್ದ ಬ್ಲಾಕ್, ಹಿಮ್ಮಡಿ ಹತ್ತಿರ ಮತ್ತೆ ತೆರೆದ ಆರ್ಟರಿ. ಮಗನನ್ನು ಕೂರಿಸಿ ಎರಡೂ ಚಿತ್ರ ತೋರಿಸಿದೆ. ಅವನು ಒಪ್ಪಿದ, ಅಪ್ಪ ಒಪ್ಪಲು ಇನ್ನೊಂದು ದಿನ ತಗೊಂಡರು. "ಕೊಯ್ಯೂದು ಕೊಯ್ರಿ, ಮೊಣಕಾಲ ಮಾತ್ರ ಮುಟ್ಟಬ್ಯಾಡ್ರಿ ಸಾಹೇಬ್ರ," ಅಂದರು. ಬೈಪಾಸ್ ಮಾಡಿ, ಕಪ್ಪಾದ ಒಂದು ಬೆರಳು ತೆಗೆದೆ. ಗಾಯ ಮಾಯಲು ಮೂರು ತಿಂಗಳಾಯಿತು.

ಅದೇ ತಿಂಗಳು ಆಲಮಟ್ಟಿ ಕಡೆಯ ಒಬ್ಬ ಆಯಿ ಬಂದಿದ್ದರು. ಅವರ ಎರಡೂ ಕಾಲಿನ ವೇನ್ ಹಾರ್ಟ್ ಬೈಪಾಸಿಗೆ ಹೋಗಿದ್ದವು, ಹೃದಯವೂ ಸೋತಿತ್ತು. ಅವರಿಗೆ ಬಲೂನ್ ಹಾಕಿದೆ. ಎಂಟು ತಿಂಗಳಿಗೆ ಮತ್ತೆ ಕಟ್ಟಿತು, ಮತ್ತೆ ಹಾಕಿದೆ. "ಇನ್ನೆಷ್ಟು ಸರ್ತಿ ಊದಸ್ತೀಯೋ ಎಪ್ಪಾ?" ಅಂತ ಕೇಳಿದರು. ಗಾಯ ಪೂರ್ತಿ ಮಾಯುವ ತನಕ ಆ ಆರ್ಟರಿ ತೆರೆದಿದ್ದರೆ ಸಾಕು ಆಯಿ, ಅಂದೆ. ಇನ್ನೂ ಕಡಲೆಕಾಳಿನಷ್ಟು ಗಾಯ ಉಳಿದಿದೆ. ಮುಂದಿನ ಡಾಪ್ಲರ್ ಸಿದ್ಧೇಶ್ವರ ಜಾತ್ರೆ ಮುಗಿದ ವಾರಕ್ಕೆ ಬರೆದುಕೊಟ್ಟಿದ್ದೇನೆ.