ಶೈರ್ ಕ್ಯಾಲೆಂಡರ್: ವಾರಕ್ಕೆ ಸೇರದ ಆ ಒಂದು ದಿನ

ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಓದುವವರಲ್ಲಿ ಜಾಸ್ತಿ ಜನ ಕೊನೆಯ ಅನುಬಂಧಗಳನ್ನು ಮುಟ್ಟುವುದೇ ಇಲ್ಲ. 1955ರಲ್ಲಿ ಬಂದ ಮೂರನೇ ಸಂಪುಟದ 'ಅನುಬಂಧ ಡಿ' ಅಂತೂ ಬರೀ ಕ್ಯಾಲೆಂಡರ್ ಲೆಕ್ಕ. ನೋಡಿದರೆ ತಲೆ ತಿರುಗುತ್ತದೆ, ನಿಜ. ಆದರೆ ಕಥೆಯ ಕುಳ್ಳ ಜನರಾದ ಹಾಬಿಟ್‌ಗಳು ತಮ್ಮ ನಾಡಾದ ಶೈರ್‌ನಲ್ಲಿ ಮಾಡಿದ ಒಂದು ಸಣ್ಣ ಜಾಣತನ ಅರ್ಥವಾದರೆ ಅದೇ ಪುಟಗಳು ತುಂಬ ಮಜಾ ಕೊಡುತ್ತವೆ. ಈ ಟಿಪ್ಪಣಿ ಮುಖ್ಯವಾಗಿ ಅದರ ಬಗ್ಗೆ.

ಮೊದಲು ದಿನಗಳನ್ನು ಕೂಡಿಸೋಣ. ತಿಂಗಳು 12, ಪ್ರತಿ ತಿಂಗಳಿಗೂ 30 ದಿನ. ಅಲ್ಲಿಗೆ 360. ಉಳಿದ 5 ದಿನ ಯಾವ ತಿಂಗಳಿಗೂ ಸೇರುವುದಿಲ್ಲ. ವರ್ಷದ ಕೊನೆಯ ದಿನ 1 ಯೂಲ್, ಹೊಸ ವರ್ಷದ ಮೊದಲ ದಿನ 2 ಯೂಲ್. ಜೂನ್ ಮುಗಿದು ಜುಲೈ ಶುರುವಾಗುವ ನಡುವೆ ಇನ್ನು ಮೂರು: 1 ಲೈದ್, ನಡುವರ್ಷದ ದಿನ, 2 ಲೈದ್. ಅಧಿಕ ವರ್ಷದಲ್ಲಿ ನಡುವರ್ಷದ ದಿನದ ಪಕ್ಕದಲ್ಲೇ ಓವರ್‌ಲೈದ್ ಅಂತ ಒಂದು ದಿನ ಹೆಚ್ಚು. ಇವೆಲ್ಲ ಹಬ್ಬದ ದಿನಗಳು. ಹಾಬಿಟ್‌ಗಳ ಹಬ್ಬ ಅಂದರೆ ಊಟ ಅಂತ ಬೇರೆ ಹೇಳಬೇಕಾಗಿಲ್ಲ.

ಕಥೆಯಲ್ಲಿ ಬರುವ ಜನವರಿ, ಸೆಪ್ಟೆಂಬರ್‌ಗಳು ನಮ್ಮ ಅನುಕೂಲಕ್ಕೆ ಹಾಕಿದ ಹೆಸರುಗಳು ಅನ್ನುವುದು ನೆನಪಿರಲಿ. ಶೈರ್‌ನಲ್ಲಿ ಸೆಪ್ಟೆಂಬರ್ ಅಂದರೆ ಹಾಲಿಮಾತ್. ತಾರೀಕು ಕೂಡ ನಮ್ಮದಕ್ಕೆ ಸರಿಯಾಗಿ ಹೊಂದುವುದಿಲ್ಲ. ನಮ್ಮ ಜನವರಿ 1 ಅಲ್ಲಿಯ ಜನವರಿ 9ರ ಆಸುಪಾಸಿಗೆ ಬೀಳುತ್ತದೆ.

ಈಗ ಅಸಲಿ ವಿಷಯ. 365 ಅಂದರೆ 52 ವಾರ, ಮೇಲೆ ಒಂದು ದಿನ. ಆ ಒಂದು ದಿನದಿಂದಲೇ ನಿಮ್ಮ ಹುಟ್ಟುಹಬ್ಬ ಈ ವರ್ಷ ಸೋಮವಾರ ಬಂದರೆ ಮುಂದಿನ ವರ್ಷ ಮಂಗಳವಾರ ಬರುವುದು. ಹಾಬಿಟ್‌ಗಳಿಗೆ ಇದು ಕಿರಿಕಿರಿ ಅನಿಸಿತು. ತಮ್ಮ ಮುಖಂಡ ಎರಡನೇ ಐಸೆಂಗ್ರಿಮ್ ಕಾಲದಲ್ಲಿ ಅವರು ನಡುವರ್ಷದ ದಿನಕ್ಕೆ ವಾರದ ಹೆಸರನ್ನೇ ತೆಗೆದುಹಾಕಿದರು. ಓವರ್‌ಲೈದ್‌ಗೂ ಅಷ್ಟೇ. ಅದು ಸೋಮವಾರವೂ ಅಲ್ಲ, ಮಂಗಳವಾರವೂ ಅಲ್ಲ. ಸುಮ್ನೆ ಒಂದು ದಿನ.

ಲೆಕ್ಕ ಎಷ್ಟು ಚೊಕ್ಕವಾಯಿತು ನೋಡಿ. 2 ಯೂಲ್ ಒಂದು ದಿನ, ಆರು ತಿಂಗಳ 180, 1 ಲೈದ್ ಒಂದು: ಒಟ್ಟು 182. ಅಂದರೆ ಸರಿಯಾಗಿ 26 ವಾರ. ಉಳಿದರ್ಧವೂ ಹಾಗೆಯೇ. ಹಾಗಾಗಿ ಪ್ರತಿ ವರ್ಷವೂ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ಒಂದು ಸಲ ಗೋಡೆಗೆ ಹಾಕಿದ ಕ್ಯಾಲೆಂಡರ್ ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ. ಪತ್ರ ಬರೆಯುವಾಗ ವಾರ ಹಾಕುವುದನ್ನೇ ಶೈರ್ ಜನ ಬಿಟ್ಟುಬಿಟ್ಟರಂತೆ. ಪಕ್ಕದ ಬ್ರೀ ಊರು ದಾಟಿ ಆಚೆ ಹೋದರೆ ಮಾತ್ರ ಪೇಚಾಟ, ಅಲ್ಲಿ ವಾರದ ಎಣಿಕೆ ಬೇರೆ.

ಪೆನ್ನು ಹಿಡಿದು ಒಮ್ಮೆ ಬರೆದು ನೋಡಿ. ವರ್ಷದ ಮೊದಲ ದಿನ ಶನಿವಾರ, ಹಾಗಾಗಿ ಜನವರಿ 1 ಭಾನುವಾರ. 30 ದಿನದ ತಿಂಗಳಾದ್ದರಿಂದ ಮುಂದಿನ ತಿಂಗಳ ಒಂದನೇ ತಾರೀಕು ವಾರದಲ್ಲಿ ಎರಡು ದಿನ ಮುಂದೆ ಜಿಗಿಯುತ್ತದೆ: ಮಂಗಳ, ಗುರು, ಶನಿ, ಸೋಮ, ಬುಧ. ಜುಲೈಯಿಂದ ಮತ್ತೆ ಇದೇ ಸರಣಿ. ಶುಕ್ರವಾರ ಎಲ್ಲಿ? ಇಲ್ಲವೇ ಇಲ್ಲ! ಯಾವ ತಿಂಗಳೂ ಶುಕ್ರವಾರ ಶುರುವಾಗುವುದಿಲ್ಲ. ಹಾಗಾಗಿ ಎಂದೂ ನಡೆಯದ ಕೆಲಸಕ್ಕೆ ಶೈರ್‌ನಲ್ಲಿ 'ಒಂದನೇ ತಾರೀಕು ಶುಕ್ರವಾರ' ಅಂತ ತಮಾಷೆಗೆ ಹೇಳುತ್ತಿದ್ದರು. ಹಂದಿ ಹಾರುವ ದಿನ, ಮರ ನಡೆಯುವ ದಿನ ಅನ್ನುವ ಅರ್ಥದಲ್ಲಿ. ಕಥೆಯಲ್ಲಿ ಮರದಂಥ ಎಂಟ್‌ಗಳು ನಿಜಕ್ಕೂ ನಡೆದು ಬಂದು ಸಭೆ ಸೇರುವುದು ಫೆಬ್ರವರಿ 30ಕ್ಕೆ. ನಮ್ಮ ಕ್ಯಾಲೆಂಡರಿನಲ್ಲಿ ಇಲ್ಲದ ದಿನ! ಟೋಲ್ಕಿನ್ ಬೇಕೆಂದೇ ಹಾಗೆ ಇಟ್ಟರೋ ಏನೋ, ನನಗಂತೂ ಓದಿದಾಗಲೆಲ್ಲ ನಗು ಬರುತ್ತದೆ.

ಇಷ್ಟು ಸುಲಭವಾದರೆ ನಾವೇಕೆ ಮಾಡಲಿಲ್ಲ? ಪ್ರಯತ್ನ ಆಗಿತ್ತು. ಎಲಿಜಬೆತ್ ಅಕೆಲಿಸ್ 1930ರಲ್ಲಿ ಮುಂದಿಟ್ಟ 'ವರ್ಲ್ಡ್ ಕ್ಯಾಲೆಂಡರ್'ನಲ್ಲೂ ವರ್ಷದ ಕೊನೆಗೆ ವಾರವಿಲ್ಲದ ಒಂದು ದಿನವಿತ್ತು. 1953ರಲ್ಲಿ ಅದನ್ನು ವಿಶ್ವಸಂಸ್ಥೆಯ ಮುಂದೆ ತಂದದ್ದು ಭಾರತ. ವಿಜ್ಞಾನಿ ಮೇಘನಾದ ಸಹಾ ಅದರ ಪರವಾಗಿ ವಾದಿಸಿದರು. 1955ರಲ್ಲಿ ಅಮೆರಿಕ ಬೇಡ ಅಂದಿತು. ದೊಡ್ಡ ತಕರಾರು ಧರ್ಮದ್ದು: ಏಳು ದಿನಕ್ಕೊಮ್ಮೆ ಬರುವ ಪ್ರಾರ್ಥನೆಯ ದಿನ ಒಂದು ದಿನ ಜಾರಿದರೆ ಹೇಗೆ? ನಮ್ಮ ಪಂಚಾಂಗವನ್ನೇ ನೋಡಿ. ಅಲ್ಲಿ ತಿಥಿ ಲೋಪವಾಗುತ್ತದೆ, ಮಾಸ ಅಧಿಕವಾಗುತ್ತದೆ. ವಾರವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಹಾಬಿಟ್‌ಗಳಿಗೆ ಆ ತೊಡಕಿಲ್ಲ. ಅವರ ವಾರದ ದೊಡ್ಡ ದಿನ ಶುಕ್ರವಾರ, ಅದರ ವಿಶೇಷ ಮಧ್ಯಾಹ್ನದ ಮೇಲೆ ರಜೆ, ಸಂಜೆ ಔತಣ. ಔತಣ ಒಂದು ದಿನ ಜಾರಿದರೆ ಯಾರ ಗಂಟೇನೂ ಹೋಗುವುದಿಲ್ಲ ಅಲ್ವಾ?

ಕಥೆಯ ಇನ್ನೊಂದು ಜನಾಂಗವಾದ ಎಲ್ಫ್‌ಗಳ ಲೆಕ್ಕ ಬೇರೆಯೇ. ವಾರಕ್ಕೆ ಆರು ದಿನ, ವರ್ಷಕ್ಕೆ ಆರು ಋತು, ಅದರಲ್ಲಿ ಎರಡಕ್ಕೆ 72 ದಿನ, ನಾಲ್ಕಕ್ಕೆ 54. ನಮ್ಮ 144 ವರ್ಷ ಸೇರಿ ಅವರಿಗೆ ಒಂದು 'ಯೇನ್'. ಸಾವಿಲ್ಲದವರಿಗೆ ಅಷ್ಟು ದೊಡ್ಡ ಅಳತೆಯೇ ಸರಿ.

ಈಗ ಅಭ್ಯಾಸ. ಶೈರ್ ವರ್ಷಕ್ಕೆ 1600 ಕೂಡಿಸಿದರೆ ಕಥೆ ನಡೆಯುವ ಮೂರನೇ ಯುಗದ ವರ್ಷ ಸಿಗುತ್ತದೆ. ಕಥೆಯ ಶುರುವಿನಲ್ಲಿ ಬರುವ ಹಾಬಿಟ್ ಬಿಲ್ಬೋನ ದೊಡ್ಡ ಪಾರ್ಟಿ 1401ರ ಸೆಪ್ಟೆಂಬರ್ 22, ಅಂದರೆ 3001. ಸೆಪ್ಟೆಂಬರ್ 1 ಗುರುವಾರ, ಹಾಗಾಗಿ 22 ಕೂಡ ಗುರುವಾರ. ಕಥೆಯಲ್ಲೂ ಗುರುವಾರ ಅಂತಲೇ ಇದೆ. ಇಡೀ ಕಥೆಗೆ ಕಾರಣವಾದ ಮಾಯಾ ಉಂಗುರ ನಾಶವಾದದ್ದು 1419ರ ಮಾರ್ಚ್ 25. ಮಾರ್ಚ್ 1 ಗುರುವಾರವಾದ್ದರಿಂದ 22 ಗುರುವಾರ, 25 ಭಾನುವಾರ. ಆದರೆ ಇದು ಶೈರ್ ಭಾನುವಾರ. ಮನುಷ್ಯರ ರಾಜ್ಯವಾದ ಗೊಂಡೋರ್‌ನವರು ನಡುವರ್ಷದ ದಿನವನ್ನೂ ವಾರಕ್ಕೆ ಸೇರಿಸಿ ಎಣಿಸುವವರು. ಅವರಿಗೆ ಅಂದು ಯಾವ ವಾರ ಅನ್ನುವುದು ಈ ಲೆಕ್ಕದಿಂದ ಸಿಗುವುದಿಲ್ಲ.