ಎಡಪಕ್ಷ ಸೋತದ್ದು ಯಾಕೆ? ಬ್ರಿಟನ್ನಿನ 2019ರ ಚುನಾವಣೆಯನ್ನು ಕೆಜಿಎಫ್ ಪಕ್ಕದಲ್ಲಿಟ್ಟು ಓದಿದ ಟಿಪ್ಪಣಿ

ತುಲನಾತ್ಮಕ ರಾಜಕೀಯದ ಪೇಪರಿನಲ್ಲಿ ಈ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತಲೇ ಇರುತ್ತದೆ. ವಿರೋಧ ಪಕ್ಷದಲ್ಲಿರುವ ಎಡಪಕ್ಷ ರಾಷ್ಟ್ರೀಯ ಚುನಾವಣೆಯಲ್ಲಿ ಯಾಕೆ ಸೋಲುತ್ತದೆ, ಉದಾಹರಣೆ ಕೊಟ್ಟು ಚರ್ಚಿಸಿ. ಕೋಲಾರದಲ್ಲಿ ನಾವು ಐದಾರು ಜನ ಭಾನುವಾರ ಒಟ್ಟಿಗೆ ಕೂತು ಓದುತ್ತೇವೆ. ಹೋದ ವಾರ ಎಲ್ಲರೂ ಈ ಪ್ರಶ್ನೆಗೆ ಉತ್ತರ ಬರೆದೆವು. ಓದಿ ನೋಡಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ ಉತ್ತರ. ನಾಯಕ ಜನಕ್ಕೆ ಹಿಡಿಸಲಿಲ್ಲ, ಪ್ರಣಾಳಿಕೆ ಅತಿಯಾಯಿತು, ಪತ್ರಿಕೆಗಳು ವಿರುದ್ಧ ನಿಂತವು.

ಮೂರೂ ತಪ್ಪಲ್ಲ. ಆದರೆ ಮೂರೂ ಪ್ರಚಾರದ ಕೊನೆಯ ಆರು ವಾರಗಳ ಕಥೆ. ಅದಕ್ಕೂ ಹಿಂದಿನ ಮೂವತ್ತು ವರ್ಷ ಯಾರ ಉತ್ತರದಲ್ಲೂ ಇರಲಿಲ್ಲ. ನನ್ನದರಲ್ಲೂ ಇರಲಿಲ್ಲ. ಆಮೇಲೆ ಮತ್ತೆ ಕೂತು ಓದಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಉದಾಹರಣೆಗೆ ಬ್ರಿಟನ್ನಿನ ಲೇಬರ್ ಪಕ್ಷವನ್ನೇ ತೆಗೆದುಕೊಂಡಿದ್ದೇನೆ. ಒಂದು, ಅಲ್ಲಿಯೂ ನಮ್ಮ ಲೋಕಸಭೆಯ ಪದ್ಧತಿಯೇ. ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ವೋಟು ಬಂತೋ ಅವರೇ ಗೆದ್ದರು, ಅರ್ಧಕ್ಕಿಂತ ಹೆಚ್ಚು ಬರಲೇಬೇಕೆಂಬ ನಿಯಮವಿಲ್ಲ. ಇನ್ನೊಂದು, ಆ ಪಕ್ಷ ಹುಟ್ಟಿದ್ದೇ ಕಾರ್ಮಿಕ ಸಂಘಗಳಿಂದ. ಹಾಗಾಗಿ ಸಂಘ ಸೊರಗಿದರೆ ಪಕ್ಷಕ್ಕೆ ಏನಾಗುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಲೆಕ್ಕ

1983ರ ಚುನಾವಣೆಯ ಅಂಕಿಗಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ. ಲೇಬರ್ ಪಕ್ಷದ ಎದುರಾಳಿ, ಮಾರ್ಗರೆಟ್ ಥ್ಯಾಚರ್ ಅವರ ಬಲಪಂಥೀಯ ಕನ್ಸರ್ವೇಟಿವ್ ಪಕ್ಷಕ್ಕೆ 1979ರಲ್ಲಿ ಶೇ 43.9 ವೋಟು, 339 ಸೀಟು ಬಂದಿತ್ತು. 1983ರಲ್ಲಿ ವೋಟು ಶೇ 42.4ಕ್ಕೆ ಇಳಿಯಿತು. ಸೀಟು 397ಕ್ಕೆ ಏರಿತು! ವೋಟು ಕಡಿಮೆಯಾಗಿ ಸೀಟು ಜಾಸ್ತಿಯಾಗುವುದು ಹೇಗೆ?

ಎದುರಾಳಿಗಳ ವೋಟು ಒಡೆಯಿತು. 1981ರಲ್ಲಿ ಲೇಬರ್ ಪಕ್ಷದ ನಾಲ್ವರು ದೊಡ್ಡ ನಾಯಕರು ಹೊರಗೆ ಬಂದು ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಕಟ್ಟಿದರು, ಲಿಬರಲ್ಲರ ಜೊತೆ ಮೈತ್ರಿ ಮಾಡಿಕೊಂಡರು. ಆ ಮೈತ್ರಿಗೆ ಶೇ 25.4 ವೋಟು ಬಂತು. ಲೇಬರ್‌ಗೆ ಶೇ 27.6. ಇಬ್ಬರದೂ ಕೂಡಿಸಿದರೆ ಅರ್ಧಕ್ಕಿಂತ ಜಾಸ್ತಿ. ಆದರೆ ಲೇಬರ್‌ಗೆ ಸಿಕ್ಕಿದ್ದು 209 ಸೀಟು, ಮೈತ್ರಿಗೆ ಬರೀ 23. ಒಂದು ಕ್ಷೇತ್ರದಲ್ಲಿ ನೂರು ವೋಟು ಬಿದ್ದಿದೆ ಎಂದುಕೊಳ್ಳಿ. 42, 30, 28 ಎಂದು ಹಂಚಿಹೋದರೆ 42ರವರು ಗೆದ್ದರು, ಉಳಿದ 58 ಜನರ ವೋಟು ಡಬ್ಬಿಯಲ್ಲೇ ಉಳಿಯಿತು.

ನಮ್ಮ ಪಕ್ಕದಲ್ಲೇ ಇದನ್ನು ನೋಡಿದ್ದೇವೆ. 2014ರಲ್ಲಿ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ವೀರಪ್ಪ ಮೊಯಿಲಿ, ಬಚ್ಚೇಗೌಡ, ಕುಮಾರಸ್ವಾಮಿ ಮೂವರೂ ನಿಂತಿದ್ದರು. ಮೊಯಿಲಿ ಗೆದ್ದರು. ಅಂತರ ಹತ್ತು ಸಾವಿರವನ್ನೂ ಮುಟ್ಟಲಿಲ್ಲ.

ಆದರೆ ಲೆಕ್ಕ ಹೇಳಿ ಸುಮ್ನಾಗಬಾರದು. ಇಷ್ಟೊಂದು ಜನ ಆ ಮೈತ್ರಿಯ ಕಡೆ ಹೋಗಲು ಲೇಬರ್ ತಾನೇ ದಾರಿ ಮಾಡಿಕೊಟ್ಟಿತ್ತು. ಮೈಕಲ್ ಫುಟ್ ನಾಯಕತ್ವದ ಆ ಪ್ರಣಾಳಿಕೆಯಲ್ಲಿ ಅಣ್ವಸ್ತ್ರವನ್ನು ಏಕಪಕ್ಷೀಯವಾಗಿ ಬಿಡುವುದು, ಯುರೋಪಿನ ಒಕ್ಕೂಟದಿಂದ ಹೊರಬರುವುದು, ಹೊಸದಾಗಿ ರಾಷ್ಟ್ರೀಕರಣ ಮಾಡುವುದು, ಎಲ್ಲವೂ ಇತ್ತು. ಅದೇ ಪಕ್ಷದ ಜೆರಾಲ್ಡ್ ಕಾಫ್‌ಮನ್ ಅದನ್ನು ಇತಿಹಾಸದಲ್ಲೇ ಅತಿ ಉದ್ದದ ಆತ್ಮಹತ್ಯಾ ಪತ್ರ ಎಂದು ಕರೆದರು. ಪರೀಕ್ಷೆಯಲ್ಲಿ ಎಲ್ಲರೂ ಈ ಮಾತನ್ನು ಬರೆಯುತ್ತಾರೆ. ಅದರ ಜೊತೆಗೆ ಅರ್ಜೆಂಟೀನಾ ವಿರುದ್ಧದ 1982ರ ಫಾಕ್‌ಲ್ಯಾಂಡ್ ಯುದ್ಧದ ಗೆಲುವನ್ನೂ ಬರೆಯಿರಿ. ಆಗ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಅಂಥ ಹೊತ್ತಿನಲ್ಲೂ ಸರ್ಕಾರ ಉಳಿದುಕೊಂಡಿತು.

ಒಬ್ಬನೇ ನಾಯಕ, ಎರಡು ಚುನಾವಣೆ

ನಾಯಕನಿಂದಲೇ ಸೋತರು ಎನ್ನುವವರು 2017 ಮತ್ತು 2019 ಎರಡನ್ನೂ ಪಕ್ಕಪಕ್ಕ ಇಡಬೇಕು. ಎರಡರಲ್ಲೂ ಜೆರೆಮಿ ಕಾರ್ಬಿನ್ ಅವರೇ ನಾಯಕರು. ರೈಲು, ನೀರು, ಅಂಚೆಯನ್ನು ಮತ್ತೆ ಸರ್ಕಾರದ ಕೈಗೆ ತರುತ್ತೇವೆ ಎಂಬ ಭರವಸೆ ಎರಡರಲ್ಲೂ ಇತ್ತು. 2017ರಲ್ಲಿ ಶೇ 40 ವೋಟು, 262 ಸೀಟು. ಸೋತರೂ ಮರ್ಯಾದೆಯಿಂದ ಸೋತರು, ಕನ್ಸರ್ವೇಟಿವ್ ಪ್ರಧಾನಿ ಥೆರೆಸಾ ಮೇ ಅವರ ಬಹುಮತವನ್ನೇ ಕಸಿದುಕೊಂಡರು. 2019ರ ಡಿಸೆಂಬರ್ 12ರಂದು ಶೇ 32, 202 ಸೀಟು. 1935ರ ನಂತರ ಲೇಬರ್‌ಗೆ ಅಷ್ಟು ಕಡಿಮೆ ಸೀಟು ಬಂದದ್ದು ಅದೇ ಮೊದಲು.

ಎರಡೂವರೆ ವರ್ಷದಲ್ಲಿ ಬದಲಾದದ್ದು ಏನು? ಬ್ರೆಕ್ಸಿಟ್ ಬಗ್ಗೆ ಪಕ್ಷದ ಮಾತು. 2016ರ ಜನಮತಗಣನೆಯಲ್ಲಿ ಶೇ 51.9 ಜನ ಯುರೋಪಿಯನ್ ಒಕ್ಕೂಟ ಬಿಡೋಣ ಎಂದಿದ್ದರು. 2017ರಲ್ಲಿ ಲೇಬರ್ ಆ ತೀರ್ಪನ್ನು ಒಪ್ಪುತ್ತೇವೆ ಎಂದಿತು. 2019ರಲ್ಲಿ, ಹೊಸ ಒಪ್ಪಂದ ಮಾಡಿಕೊಂಡು ಬರುತ್ತೇವೆ, ಅದನ್ನು ಮತ್ತೊಮ್ಮೆ ಜನರ ಮುಂದಿಟ್ಟು ವೋಟು ಹಾಕಿಸುತ್ತೇವೆ, ಆಗ ನಾಯಕರು ಯಾವ ಕಡೆಯೂ ನಿಲ್ಲುವುದಿಲ್ಲ ಎಂದಿತು. ಎರಡು ದೋಣಿಯ ಮೇಲೆ ಕಾಲಿಟ್ಟಂತಾಯಿತು. ಕನ್ಸರ್ವೇಟಿವ್ ನಾಯಕ ಬೋರಿಸ್ ಜಾನ್ಸನ್ ಹೇಳಿದ್ದು ಒಂದೇ ಮಾತು, ಬ್ರೆಕ್ಸಿಟ್ ಮುಗಿಸೋಣ. ಬಿಡೋಣ ಎನ್ನುವವರು ಒಂದೇ ಕಡೆ ಕೂಡಿದರು. ಬ್ರೆಕ್ಸಿಟ್ ಪಕ್ಷ, ಕನ್ಸರ್ವೇಟಿವ್ ಪಕ್ಷ ಹಿಂದೆ ಗೆದ್ದಿದ್ದ 317 ಕ್ಷೇತ್ರಗಳಲ್ಲಿ ತನ್ನ ಅಭ್ಯರ್ಥಿಗಳನ್ನೇ ಹಾಕಲಿಲ್ಲ. ಇರೋಣ ಎನ್ನುವವರ ವೋಟು ಮಾತ್ರ ಲೇಬರ್, ಲಿಬರಲ್ ಡೆಮಾಕ್ರಾಟ್, ಗ್ರೀನ್, ಸ್ಕಾಟ್ಲೆಂಡಿನ ಎಸ್‌ಎನ್‌ಪಿ ಎಂದು ಚದುರಿತು.

ಹಾಗಾದರೆ ನಾಯಕನ ಪಾತ್ರವೇ ಇಲ್ಲವಾ? ಇದೆ. 2019ರ ಹೊತ್ತಿಗೆ ಕಾರ್ಬಿನ್ ಅವರ ಜನಪ್ರಿಯತೆ ತೀರಾ ಕುಸಿದಿತ್ತು. ಪಕ್ಷದೊಳಗಿನ ಯಹೂದಿ ದ್ವೇಷದ ದೂರುಗಳನ್ನು ಸರಿಯಾಗಿ ನಿಭಾಯಿಸಲಿಲ್ಲ ಎಂಬ ಆರೋಪ ಗಟ್ಟಿಯಾಗಿತ್ತು. ಪತ್ರಿಕೆಗಳೂ ಬಿಡಲಿಲ್ಲ. ಇವನ್ನು ಎರಡು ಸಾಲಿನಲ್ಲಿ ಬರೆದು ಮುಂದೆ ಹೋಗಿ.

ಬೋಲ್ಸೋವರ್

ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ಕೀಲಿ ಇರುವುದು ಇಂಗ್ಲೆಂಡಿನ ಡರ್ಬಿಶೈರ್‌ನ ಬೋಲ್ಸೋವರ್ ಎಂಬ ಕ್ಷೇತ್ರದಲ್ಲಿ. ಕಲ್ಲಿದ್ದಲು ಗಣಿಯ ಸೀಮೆ. 1970ರಿಂದ ಡೆನಿಸ್ ಸ್ಕಿನ್ನರ್ ಅಲ್ಲಿನ ಸಂಸದರು. ತಾವೇ ಗಣಿ ಕಾರ್ಮಿಕರಾಗಿದ್ದವರು, ಪಕ್ಕಾ ಎಡಪಂಥೀಯರು. 2019ರಲ್ಲಿ, 49 ವರ್ಷಗಳ ನಂತರ, ಸೋತರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಬೋಲ್ಸೋವರ್ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 70 ಜನ ಬ್ರೆಕ್ಸಿಟ್ ಪರ ವೋಟು ಹಾಕಿದ್ದರು. ಸ್ಕಿನ್ನರ್ ಕೂಡ ಬ್ರೆಕ್ಸಿಟ್ ಪರವೇ ಇದ್ದರು! ಆದರೂ ಸೋತರು. ಅಂದರೆ ಬ್ರೆಕ್ಸಿಟ್ ಒಂದರಿಂದಲೇ ಎಂದು ಬರೆದರೆ ಉತ್ತರ ಪೂರ್ತಿಯಾಗುವುದಿಲ್ಲ. ಅವರ ವೋಟಿನ ಪಾಲನ್ನು ನೋಡಿ. 1997ರಲ್ಲಿ ನೂರಕ್ಕೆ 74ರಷ್ಟು. 2010ರಲ್ಲಿ 50ರಷ್ಟು. ಆ ಹದಿಮೂರು ವರ್ಷವೂ ದೇಶದಲ್ಲಿ ಲೇಬರ್ ಸರ್ಕಾರವೇ ಇತ್ತು. ಕಾರ್ಬಿನ್ ಇನ್ನೂ ನಾಯಕರಾಗಿರಲಿಲ್ಲ, ಬ್ರೆಕ್ಸಿಟ್ ಎಂಬ ಪದವೇ ಹುಟ್ಟಿರಲಿಲ್ಲ. ಕಂಬಕ್ಕೆ ಗೆದ್ದಲು ಹಿಡಿದದ್ದು ಆಗಲೇ. 2019ರಲ್ಲಿ ಬಿತ್ತು, ಅಷ್ಟೇ.

ಆ ಕ್ಷೇತ್ರದಲ್ಲಿ ಶೈರ್‌ಬ್ರೂಕ್ ಎಂಬ ಊರಿದೆ. 1984ರ ಮಾರ್ಚಿನಿಂದ ಒಂದು ವರ್ಷ ನಡೆದ ಗಣಿ ಮುಷ್ಕರದಲ್ಲಿ ಕಾರ್ಮಿಕರು ಸೋತರು. 1993ರಲ್ಲಿ ಶೈರ್‌ಬ್ರೂಕ್ ಗಣಿ ಮುಚ್ಚಿತು. ಆಮೇಲೆ ಅದೇ ಜಾಗದಲ್ಲಿ ಕ್ರೀಡಾ ಸಾಮಾನಿನ ದೊಡ್ಡ ಗೋದಾಮು ಎದ್ದಿತು. ಕೆಲಸವೇನೋ ಬಂತು. ಆದರೆ ಏಜೆನ್ಸಿ ಮೂಲಕ ಬರುವ, ಇಂದು ಇದ್ದು ನಾಳೆ ಇಲ್ಲದ ಕೆಲಸ. ಗಣಿಯಲ್ಲಿ ಒಟ್ಟಿಗೆ ಇಳಿದು ಒಟ್ಟಿಗೆ ಮೇಲೆ ಬರುತ್ತಿದ್ದವರಿಗೂ ಗೋದಾಮಿನಲ್ಲಿ ಒಬ್ಬೊಬ್ಬರೇ ನಿಂತು ಡಬ್ಬ ಕಟ್ಟುವವರಿಗೂ ಎಷ್ಟು ವ್ಯತ್ಯಾಸ, ಅಲ್ವಾ?

ಇದು ನನಗೆ ಮನದಟ್ಟಾದದ್ದು ಪುಸ್ತಕದಿಂದಲ್ಲ. ನಮ್ಮ ತಾತ ಕೆಜಿಎಫ್‌ನ ಚಿನ್ನದ ಗಣಿ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡಿದವರು. ಅವರ ತಗಡಿನ ಪೆಟ್ಟಿಗೆಯಲ್ಲಿ ಯೂನಿಯನ್ ಚಂದಾ ರಸೀದಿಗಳ ಒಂದು ಕಟ್ಟು ಇದೆ. ತೆಳು ಗುಲಾಬಿ ಕಾಗದ, ಮಡಚಿದ ಕಡೆಯೆಲ್ಲ ಹರಿದಿದೆ, ದಾರ ಹಾಕಿ ಕಟ್ಟಿದ್ದಾರೆ. ಸಂಬಳದ ದಿನ ಗೇಟಿನ ಹತ್ತಿರ ಚಂದಾ ಕಟ್ಟುತ್ತಿದ್ದರಂತೆ. ಅಲ್ಲೇ ನಿಂತು ಚುನಾವಣೆಯ ಮಾತಾಡುತ್ತಿದ್ದರಂತೆ. ಯಾರಿಗೆ ವೋಟು ಎಂದು ಮನೆಗೆ ಹೋಗಿ ಯೋಚಿಸಬೇಕಾಗಿರಲಿಲ್ಲ, ಅದು ಗೇಟಿನಲ್ಲೇ ತೀರ್ಮಾನವಾಗುತ್ತಿತ್ತು. 1930ರಲ್ಲಿ ಬೆರಳಚ್ಚು ಕೊಡುವುದಿಲ್ಲ ಎಂದು 21 ದಿನ ಮುಷ್ಕರ ಹೂಡಿದ ಊರು ಅದು. ಆಮೇಲೆ ಕಮ್ಯುನಿಸ್ಟ್ ಶಾಸಕರನ್ನೂ ಗೆಲ್ಲಿಸಿ ಕಳಿಸಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಈಗ ಅಲ್ಲಿನ ಮಾರಿಕುಪ್ಪಂ ನಿಲ್ದಾಣದಿಂದ ಹೊರಡುವ ಬೆಳಗಿನ ರೈಲಿನಲ್ಲಿ ಒಮ್ಮೆ ಹತ್ತಿ ನೋಡಿ. ಗಣಿಯವರ ಮಕ್ಕಳು, ಮೊಮ್ಮಕ್ಕಳು ಕತ್ತಲಲ್ಲೇ ಎದ್ದು ಬೆಂಗಳೂರಿಗೆ ಹೋಗುತ್ತಾರೆ. ಒಬ್ಬರು ಸೆಕ್ಯೂರಿಟಿ ಗಾರ್ಡ್, ಒಬ್ಬರು ಅಂಗಡಿ ಕೆಲಸ, ಇನ್ನೊಬ್ಬರು ಆಸ್ಪತ್ರೆಯಲ್ಲಿ ಹೌಸ್‌ಕೀಪಿಂಗ್. ಕಂಟೋನ್ಮೆಂಟಿನಲ್ಲಿ ಅರ್ಧ ಬೋಗಿ ಖಾಲಿಯಾಗುತ್ತದೆ, ನೂರು ಜನ ನೂರು ದಿಕ್ಕಿಗೆ. ಅವರೆಲ್ಲರ ಕಷ್ಟವೂ ಒಂದೇ. ಆದರೆ ಅದನ್ನು ಒಟ್ಟಿಗೆ ನಿಂತು ಹೇಳಿಕೊಳ್ಳಲು ಒಂದು ಗೇಟು ಇಲ್ಲ. ಕೆಜಿಎಫ್‌ನ ವಿಧಾನಸಭಾ ಸ್ಥಾನ ಎಡಪಕ್ಷದ ಕೈತಪ್ಪಿದ್ದು ಗಣಿ ಮುಚ್ಚುವುದಕ್ಕೂ ಮೊದಲೇ. ಎಐಎಡಿಎಂಕೆ, ರಿಪಬ್ಲಿಕನ್ ಪಕ್ಷ ಅಲ್ಲಿ ಗೆದ್ದವು. ಆಮೇಲೆ ಬಿಜೆಪಿ, ಕಾಂಗ್ರೆಸ್ ಬಂದವು. ಭಾಷೆ, ಜಾತಿ, ಅಭ್ಯರ್ಥಿಯ ಮುಖ, ಇವೆಲ್ಲ ಗಣಿಯ ಕಾಲದಲ್ಲೂ ಇದ್ದವು. ಯೂನಿಯನ್ ಅವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿತ್ತು. ಯೂನಿಯನ್ ಸೊರಗುತ್ತ ಹೋದಂತೆ ಅವೇ ಮುಂದೆ ಬಂದವು. ಬೋಲ್ಸೋವರ್‌ನಲ್ಲಿ ಹಾಗೆ ಮುಂದೆ ಬಂದದ್ದು ರಾಷ್ಟ್ರ, ವಲಸೆ, ಗಡಿಯ ಪ್ರಶ್ನೆ.

ಪೂರ್ತಿ ಒಂದೇ ರೀತಿ ಎಂದು ನಾನು ಹೇಳುತ್ತಿಲ್ಲ. ಕೆಜಿಎಫ್ ಒಂದು ವಿಧಾನಸಭಾ ಕ್ಷೇತ್ರ, ಬ್ರಿಟನ್ನಿನಲ್ಲಿ ಇಂಥ ಗಣಿ ಮತ್ತು ಕಾರ್ಖಾನೆ ಊರುಗಳ ಸಾಲೇ ಇತ್ತು. ಅದನ್ನು ಕೆಂಪು ಗೋಡೆ ಎಂದು ಕರೆದರು. ಬ್ಲೈತ್ ವ್ಯಾಲಿ, ಟೋನಿ ಬ್ಲೇರ್ ಅವರ ಹಳೆಯ ಕ್ಷೇತ್ರ ಸೆಡ್ಜ್‌ಫೀಲ್ಡ್, ಎಲ್ಲವೂ ಒಂದೇ ರಾತ್ರಿ ಕುಸಿದವು. ಇನ್ನು ಸ್ಕಾಟ್ಲೆಂಡ್ ಅದಕ್ಕೂ ಮೊದಲೇ ಹೋಗಿತ್ತು. 2010ರಲ್ಲಿ ಅಲ್ಲಿ ಲೇಬರ್‌ಗೆ 41 ಸೀಟು, 2015ರಲ್ಲಿ ಒಂದೇ ಒಂದು.

ಭರವಸೆ ಇಷ್ಟ, ಕೊಡುವವರ ಮೇಲೆ ನಂಬಿಕೆ ಇಲ್ಲ

2019ರಲ್ಲಿ ಲೇಬರ್ ಎಲ್ಲರ ಮನೆಗೂ ಉಚಿತ ಬ್ರಾಡ್‌ಬ್ಯಾಂಡ್ ಎಂದಿತ್ತು. ರೈಲನ್ನು ಸರ್ಕಾರ ನಡೆಸಲಿ ಎನ್ನುವವರು ಸಮೀಕ್ಷೆಗಳಲ್ಲಿ ಜಾಸ್ತಿಯೇ ಇದ್ದರು. ಒಂದೊಂದೇ ಭರವಸೆ ತೆಗೆದು ಕೇಳಿದರೆ ಜನ ಒಪ್ಪುತ್ತಿದ್ದರು. ಎಲ್ಲವನ್ನೂ ಒಟ್ಟಿಗೆ ಪೇರಿಸಿಟ್ಟಾಗ, ಇಷ್ಟಕ್ಕೆಲ್ಲ ದುಡ್ಡು ಎಲ್ಲಿಂದ ಎಂಬ ಅನುಮಾನ ಬಂತು. ನಮ್ಮಲ್ಲೂ ಕೇಳಿರುತ್ತೀರಿ, ಹೇಳೋದೆಲ್ಲ ಚೆನ್ನಾಗಿದೆ, ಮಾಡ್ತಾರಾ ಎಂದು.

1992ರಲ್ಲೂ ಇದೇ ಅನುಮಾನ ಕೆಲಸ ಮಾಡಿತು. ಆಗಿನ ಲೇಬರ್ ನಾಯಕ ನೀಲ್ ಕಿನ್ನಕ್ ಪಕ್ಷವನ್ನು ಸಾಕಷ್ಟು ಮಧ್ಯಕ್ಕೆ ತಂದಿದ್ದರು. ಸಮೀಕ್ಷೆಗಳಲ್ಲಿ ಲೇಬರ್ ಸ್ವಲ್ಪ ಮುಂದಿತ್ತು. ತೆರಿಗೆ ಹೆಚ್ಚುತ್ತದೆ ಎಂದು ಎದುರಾಳಿಗಳು ಪೋಸ್ಟರ್ ಹಾಕಿದರು. ಫಲಿತಾಂಶ ಬಂದಾಗ ಕನ್ಸರ್ವೇಟಿವ್ ಶೇ 41.9, ಲೇಬರ್ ಶೇ 34.4. ಪ್ರಣಾಳಿಕೆ ತೀರಾ ಎಡಕ್ಕೆ ಹೋದದ್ದೇ ಸೋಲಿಗೆ ಕಾರಣ ಎನ್ನುವವರಿಗೆ ಈ ಒಂದು ಚುನಾವಣೆ ಸಾಕು. ಮಧ್ಯಕ್ಕೆ ಬಂದೂ ಸೋತರಲ್ಲ.

ಬಾಗೇಪಲ್ಲಿಯನ್ನೂ ಇಲ್ಲಿ ನೆನೆಯಬೇಕು. ಜಿ.ವಿ. ಶ್ರೀರಾಮರೆಡ್ಡಿ ಅವರನ್ನು 1994 ಮತ್ತು 2004ರಲ್ಲಿ ಸಿಪಿಐ(ಎಂ)ನಿಂದ ವಿಧಾನಸಭೆಗೆ ಗೆಲ್ಲಿಸಿದ ಕ್ಷೇತ್ರ ಅದು. ಲೋಕಸಭೆಗೆ ಮಾತ್ರ ಕರ್ನಾಟಕದ ಯಾವ ಕ್ಷೇತ್ರದಿಂದಲೂ ಆ ಪಕ್ಷ ಗೆದ್ದಿಲ್ಲ. ಊರಿನ ನೀರು, ಭೂಮಿಯ ವಿಷಯಕ್ಕೆ ಇವರು ಬೇಕು, ದಿಲ್ಲಿಯಲ್ಲಿ ಸರ್ಕಾರ ಮಾಡುವವರು ಬೇರೆ ಎಂದು ಮತದಾರ ಬೇರೆ ಬೇರೆ ತೂಗುತ್ತಾನೆ. ರಾಷ್ಟ್ರೀಯ ಚುನಾವಣೆಯಲ್ಲಿ ಆ ಎರಡನೆಯ ತಕ್ಕಡಿ ಭಾರ.

ಉತ್ತರ ಬರೆಯುವಾಗ

ನನ್ನ ಸಲಹೆ ಇಷ್ಟು. ಬೋಲ್ಸೋವರ್‌ನಿಂದ ಶುರು ಮಾಡಿ, ಊರಿನ ಕೆಲಸ ಬದಲಾದದ್ದನ್ನು ಮೊದಲು ಬರೆಯಿರಿ. ಆಮೇಲೆ ವೋಟು ಒಡೆದದ್ದು, ಆಮೇಲೆ ನಂಬಿಕೆ, ಕೊನೆಗೆ ನಾಯಕ. ಸಾಮಾನ್ಯವಾಗಿ ಎಲ್ಲರೂ ಇದನ್ನು ತಲೆಕೆಳಗು ಮಾಡಿ ಬರೆಯುತ್ತಾರೆ.

2024ರ ಫಲಿತಾಂಶವನ್ನೂ ಸೇರಿಸಿ. ಕೀರ್ ಸ್ಟಾರ್ಮರ್ ನಾಯಕತ್ವದಲ್ಲಿ ಲೇಬರ್ 411 ಸೀಟು ಗೆದ್ದಿತು, ಬೋಲ್ಸೋವರ್ ಕೂಡ ಮರಳಿ ಬಂತು. ವೋಟು ಎಷ್ಟು ಗೊತ್ತಾ? ಶೇ 33.7. ಕಾರ್ಬಿನ್ 2017ರಲ್ಲಿ ಸೋತಾಗ ಬಂದದ್ದು ಶೇ 40. ಈ ಸಲ ಒಡೆದದ್ದು ಬಲಪಂಥದ ವೋಟು, ರಿಫಾರ್ಮ್ ಪಕ್ಷ ಶೇ 14ರಷ್ಟನ್ನು ಕಿತ್ತುಕೊಂಡಿತು. ಹಾಗಾಗಿ ಬೋಲ್ಸೋವರ್ ಮರಳಿತು ಎಂದ ಮಾತ್ರಕ್ಕೆ ಗೇಟು ಮರಳಿ ಬಂತು ಎಂದು ಬರೆಯಬೇಡಿ.

ಮುಂದಿನ ಭಾನುವಾರಕ್ಕೆ ಒಂದು ಕೆಲಸ. ಚುನಾವಣಾ ಆಯೋಗದ ಫಾರಂ 20ರಲ್ಲಿ ಮತಗಟ್ಟೆವಾರು ವೋಟು ಸಿಗುತ್ತದೆ. ಕೆಜಿಎಫ್‌ನ ಹಳೆಯ ಗಣಿ ಲೈನ್‌ಗಳ ಮತಗಟ್ಟೆಗಳನ್ನು ನಾನು ನೋಡುತ್ತೇನೆ. ಬಾಗೇಪಲ್ಲಿ ಕಡೆಯವರು ನಿಮ್ಮ ಊರಿನ ಮತಗಟ್ಟೆ ತೆಗೆದುಕೊಳ್ಳಿ, ವಿಧಾನಸಭೆ ಒಂದು ಕಾಲಂ, ಲೋಕಸಭೆ ಇನ್ನೊಂದು ಕಾಲಂ. ರಸೀದಿಯ ಕಟ್ಟನ್ನೂ ತರುತ್ತೇನೆ, ನೋಡುವಿರಂತೆ.